ಹ್ಯಾಂಡೋವರ್ ಆಗದ ಮನೆ

ಕಳೆದ ಫೆಬ್ರವರಿಯ ಮೂರನೇ ಶನಿವಾರ ಬೆಳಿಗ್ಗೆ, ಪಡೀಲಿನ ತಮ್ಮ ಸ್ವಂತ ಮನೆಯಲ್ಲಿ, ನನ್ನ ಭಾವ ಅಡುಗೆಕೋಣೆಯ ಗೋಡೆಯನ್ನು ಮೂರನೇ ಸಲ ಒಡೆದರು. ಮಿಕ್ಸಿಯ ಪ್ಲಗ್ ಪಾಯಿಂಟನ್ನು ಒಲೆಯ ಬಲಗಡೆಯಿಂದ ಎಡಗಡೆಗೆ ಸಾಗಿಸುವುದು ಉದ್ದೇಶ. ಹಿಂದಿನ ವರ್ಷ ಅದೇ ಪಾಯಿಂಟನ್ನು ಎಡಗಡೆಯಿಂದ ಬಲಗಡೆಗೆ ಸಾಗಿಸಿದವರೂ ಅವರೇ. ಯಾರಿಗೂ ಗಾಯವಾಗಿಲ್ಲ. ಮಿಕ್ಸಿ ಇನ್ನೂ ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ.

ಬಾಡಿಗೆ ಮನೆಯಲ್ಲಿ ಧಣಿಯ ಹಾಗೆ ಇರುವವರನ್ನು ಮಂಗಳೂರಿನಲ್ಲಿ ನಾನು ಬೇಕಾದಷ್ಟು ನೋಡಿದ್ದೇನೆ. ಸ್ವಂತ ಮನೆಯಲ್ಲಿ ಕಂಟ್ರಾಕ್ಟರನ ಹಾಗೆ ಇರುವವರು ಇವರೊಬ್ಬರೇ! ಪತ್ರಿಕೆಯಲ್ಲಿ ಕೆಲಸ ಮಾಡುವ ನನಗೆ ‘ಇವರೊಬ್ಬರೇ’, ‘ಇದೇ ಮೊದಲು’ ಎಂಬ ಮಾತು ಕಂಡರೆ ಹೊಡೆದು ಹಾಕುವ ಅಭ್ಯಾಸ. ಇಲ್ಲಿ ಮಾತ್ರ ಹಾಗೆಯೇ ಬಿಡುತ್ತೇನೆ. ಇನ್ನೊಬ್ಬರು ಎಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ, ಇಬ್ಬರನ್ನೂ ಎದುರುಬದುರು ಕೂರಿಸಿ ಚಹಾ ಕೊಡಿಸೋಣ.

ಆ ಮನೆಗೆ ನೀವು ಹೋದರೆ ಮೊದಲು ಕಾಣುವುದು ಬಾಗಿಲಿನ ಹೊರಗಿನ ಉಕ್ಕಿನ ಮೂತಿಯ ಸೇಫ್ಟಿ ಶೂ. ಒಳಗೆ ಎಲ್ಲ ಸ್ವಿಚ್ಚುಗಳ ಮೇಲೂ ಅಂಗಡಿಯಿಂದ ಬಂದಾಗಿನ ತೆಳು ಪ್ಲಾಸ್ಟಿಕ್ ಹಾಗೆಯೇ ಇದೆ. ಫ್ರಿಜ್ಜಿನ ಮೂಲೆಗಳಿಗೆ ಥರ್ಮೋಕೋಲಿನ ಟೊಪ್ಪಿ. ಸೋಫಾಕ್ಕೆ ಪಾಲಿಥೀನ್ ಹೊದಿಕೆ. ಕುಳಿತವರು ಕುಳಿತಲ್ಲಿ ನಿಲ್ಲುವುದಿಲ್ಲ, ಮಾತು ಮುಗಿಯುವಷ್ಟರಲ್ಲಿ ನೆಲಕ್ಕೆ ಹತ್ತಿರವಾಗಿರುತ್ತಾರೆ. ಭಾವ ಮಲಗುವುದು ಹಾಲಿನಲ್ಲಿ, ಸೈಟಿನಿಂದ ತಂದ ಮಡಚುವ ಕಾಟಿನ ಮೇಲೆ. ಒಳಗೆ ತೇಗದ ಮಂಚ ಇದೆ. ಅದೂ ಪಾಲಿಥೀನಿನೊಳಗೆ ಉಸಿರು ಕಟ್ಟಿಕೊಂಡು ಕಾಯುತ್ತಿದೆ.

“ಭಾವ, ಸೋಫಾ ನಿಮ್ಮದೇ. ಮನೆಯೂ ನಿಮ್ಮದೇ. ಆ ಪ್ಲಾಸ್ಟಿಕ್ ತೆಗೀಬಾರ್ದಾ?” ಎಂದು ಒಮ್ಮೆ ನೆಲದಿಂದಲೇ ಕೇಳಿದೆ.

“ಹ್ಯಾಂಡೋವರ್ ಆಗ್ಲಿಲ್ಲ ಮಾರಾಯ.”

“ಯಾರಿಗೆ ಹ್ಯಾಂಡೋವರ್?”

“ಕ್ಲೈಂಟಿಗೆ.”

“ಕ್ಲೈಂಟ್ ಯಾರು?”

“ನಿನ್ನ ಅಕ್ಕ.”

ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಕನ್ನಡಕ್ಕೆ ತಂದು ಕೊಡುತ್ತಿದ್ದೇನೆ. ‘ಹ್ಯಾಂಡೋವರ್’, ‘ಕ್ಲೈಂಟ್’ ಎರಡಕ್ಕೂ ಅನುವಾದ ಬೇಕಾಗಲಿಲ್ಲ.

ಅಕ್ಕ ಮಸ್ಕತ್‌ನಲ್ಲಿ ನರ್ಸ್. ಭಾವ ಎಲೆಕ್ಟ್ರಿಕಲ್ ಪ್ರಾಜೆಕ್ಟ್ ಮ್ಯಾನೇಜರ್. ಮದುವೆಯಾದ ಮೇಲೆ ಇಬ್ಬರೂ ಅಲ್ಲೇ ಇದ್ದರು. ಭಾವನ ಕಂಪೆನಿಯ ಕೆಲಸ ಮುಗಿದಾಗ ಒಂದು ಒಪ್ಪಂದವಾಯಿತು: ಭಾವ ಮೊದಲು ಊರಿಗೆ ಬಂದು ಮನೆ ಕಟ್ಟಿಸುವುದು, ಮನೆ ಆದ ಕೂಡಲೇ ಅಕ್ಕ ಕೆಲಸ ಬಿಟ್ಟು ಬರುವುದು. ಭಾವ ಬಂದರು. ಮನೆ ಎದ್ದಿತು. ಗಂಡ ಗಲ್ಫಿನಲ್ಲಿ, ಹೆಂಡತಿ ಊರಿನಲ್ಲಿ ಕಾಯುವುದು ನಮ್ಮ ಕಡೆ ಹೊಸದಲ್ಲ. ಇಗರ್ಜಿಯ ಪ್ರತಿ ಬೆಂಚಿನಲ್ಲೂ ಅಂಥ ಒಬ್ಬರು ಸಿಗುತ್ತಾರೆ. ಇಲ್ಲಿ ಮಾತ್ರ ತಿರುವುಮುರುವು. ಕಾಯುವ ಗಂಡಸಿಗೆ ಹೇಗೆ ಕಾಯಬೇಕೆಂದು ಯಾರೂ ಕಲಿಸಿರುವುದಿಲ್ಲವಲ್ಲ! ಇವರು ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಕಾಯಲು ತೊಡಗಿದರು: ಸೈಟಿನಲ್ಲಿ ಕಾದ ಹಾಗೆ.

ಒಮ್ಮೆ ನಮ್ಮ ಪಾದ್ರಿಗಳು ವರ್ಷಕ್ಕೊಮ್ಮೆ ಮನೆಮನೆಗೆ ಬರುವ ಪದ್ಧತಿಯಂತೆ ಪಡೀಲಿಗೂ ಬಂದರು. ಹಾಲಿನ ಫಾಲ್ಸ್ ಸೀಲಿಂಗಿನ ಕೆಲಸ ನಡೆಯುತ್ತಿತ್ತು. ಭಾವ ಬಾಗಿಲಿನಲ್ಲಿಯೇ ಅವರ ಕೈಗೆ ಬಿಳಿ ಹೆಲ್ಮೆಟ್ ಇಟ್ಟರು.

“ಇದು ಎಂತಕ್ಕೆ?” ಎಂದರು ಪಾದ್ರಿಗಳು.

“ಮೇಲಿನಿಂದ ಎಂತಾದ್ರೂ ಬಿದ್ದರೆ, ಫಾದರ್.”

“ಮೇಲಿನಿಂದ ಬರುವುದನ್ನೆಲ್ಲ ತಡೀಲಿಕ್ಕೆ ಹೋದರೆ ನನ್ನ ಕೆಲಸ ಹೇಗೆ ನಡೀಬೇಕು?”

ಆದರೂ ಹೆಲ್ಮೆಟ್ ಹಾಕಿಕೊಂಡೇ ಪ್ರಾರ್ಥನೆ ಮಾಡಿದರು. ಮನೆಯ ಆಶೀರ್ವಾದವನ್ನೂ ಈಗಲೇ ಮಾಡಿ ಮುಗಿಸೋಣವೇ ಎಂದು ಕೇಳಿದರು. ಭಾವ ಬೇಡವೆಂದರು. ಕಾರಣವನ್ನು ನೀವು ಊಹಿಸಬಲ್ಲಿರಿ. ಈ ಘಟನೆಗೆ ಎರಡು ಮೂಲಗಳ ದೃಢೀಕರಣ ಇದೆ: ಒಂದು ನಮ್ಮ ಅಮ್ಮ, ಇನ್ನೊಂದು ಪಾದ್ರಿಗಳು. ಪಾದ್ರಿಗಳು ಇದನ್ನು ಆಮೇಲೆ ಇಗರ್ಜಿಯ ಒಂದು ಪ್ರವಚನದಲ್ಲಿಯೂ ಬಳಸಿಕೊಂಡರು.

ಈ ಎಲೆಕ್ಟ್ರಿಕಲ್ ಪ್ರಾಜೆಕ್ಟ್ ಮ್ಯಾನೇಜರ್ ಎಂದರೆ ಯಾರು? ವಯರ್ ಎಳೆಯುವವರೇ? ಅಲ್ಲ. ಎಳೆಸುವವರು. ದೊಡ್ಡ ಕಟ್ಟಡಕ್ಕೋ ಫ್ಯಾಕ್ಟರಿಗೋ ಕರೆಂಟು ಎಲ್ಲಿಂದ ಬರಬೇಕು, ಎಲ್ಲಿ ಇಳಿಯಬೇಕು, ಯಾವ ಪ್ಯಾನೆಲ್ಲಿಗೆ ಹೋಗಬೇಕು, ಯಾವ ಗೋಡೆಯೊಳಗೆ ಹರಿಯಬೇಕು ಎಂದು ತೀರ್ಮಾನಿಸಿ, ಅದನ್ನು ಹೇಳಿದ ದಿನಕ್ಕೆ ಹೇಳಿದಂತೆ ಮಾಡಿಸುವವರು. ಕಟ್ಟಡ ಕಟ್ಟುವಾಗ ಎಲ್ಲರೂ ತಡ ಮಾಡುತ್ತಾರೆ. ಸಿಮೆಂಟಿನವರು, ಟೈಲ್ಸಿನವರು, ಬಾಗಿಲಿನವರು. ಕೊನೆಗೆ ಉಳಿಯುವುದು ಇವರು. ಆದ್ದರಿಂದ ಎಲ್ಲರ ತಡವೂ ಇವರ ತಲೆಗೆ. ‘ಕರೆಂಟ್ ಯಾವಾಗ?’ ಎಂಬುದೊಂದೇ ಪ್ರಶ್ನೆಯನ್ನು ಬದುಕಿಡೀ ಕೇಳಿಸಿಕೊಂಡ ಮನುಷ್ಯ. ಗುಡುಗು ಬಂದು ಪಡೀಲಿನಲ್ಲಿ ಕರೆಂಟು ಹೋದರೆ ಅಕ್ಕಪಕ್ಕದವರೂ ಇವರಿಗೇ ಫೋನ್ ಮಾಡುತ್ತಾರೆ!

“ಅದು ನಾನಲ್ಲ ಮಾರಾಯ್ರೆ, ಇಲಾಖೆಯವರು,” ಎನ್ನುತ್ತಾರೆ ಭಾವ.

“ಆದರೂ ನಿಮಗೆ ಗೊತ್ತಿರ್ತದಲ್ಲ, ಯಾವಾಗ ಬರ್ತದೆ?”

“ಸಿವಿಲ್‌ನವರು ಕ್ಲಿಯರೆನ್ಸ್ ಕೊಟ್ಟ ಮೇಲೆ,” ಎಂದು ಅಭ್ಯಾಸಬಲದಿಂದ ಹೇಳಿ ಫೋನಿಡುತ್ತಾರೆ. ಆಚೆಯವರಿಗೆ ಅರ್ಥವಾಗುವುದಿಲ್ಲ. ಆದರೆ ಸಮಾಧಾನವಾಗುತ್ತದೆ.

ಸಿವಿಲ್‌ನವರ ಮೇಲೆ ಇವರಿಗಿರುವ ಸಿಟ್ಟಿಗೆ ಕಾರಣ ಉಂಟು. ಸ್ವಿಚ್ ಬೋರ್ಡಿಗೆಂದು ಇವರು ಗೋಡೆಯಲ್ಲಿ ಡಬ್ಬಿ ಕೂರಿಸಿ ಹೋದರೆ, ಸಾರಣೆಯವರು ಬಂದು ಅದರ ಮೇಲೆಯೇ ಸಿಮೆಂಟು ಬಳಿದು ಬಿಡುತ್ತಾರಂತೆ. ಆಮೇಲೆ ಗೋಡೆಯನ್ನು ತಟ್ಟಿ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಒಡೆದು ಡಬ್ಬಿಯನ್ನು ಹುಡುಕಬೇಕು. ವರ್ಷಗಟ್ಟಲೆ ಹೀಗೆ ತಟ್ಟಿದ ಬೆರಳು ಸುಮ್ಮನೆ ಕೂರುತ್ತದೆಯೇ? ಎಲ್ಲಿ ಗೋಡೆ ಕಂಡರೂ ಭಾವ ತಟ್ಟುತ್ತಾರೆ. ಡಾಕ್ಟರ ಹತ್ತಿರ ಹೋದಾಗ ಡಾಕ್ಟರು ಇವರ ಬೆನ್ನು ತಟ್ಟಿದರೆ ಇವರು ಡಾಕ್ಟರ ಗೋಡೆ ತಟ್ಟುತ್ತಾರೆ.

ಬೆಂದೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಮ್ಮೆ ಊಟಕ್ಕೆ ಕರೆದಿದ್ದರು. ದೊಡ್ಡಮ್ಮ ತನ್ನ ಹೊಸ ವಾಲ್‌ಪೇಪರ್ ತೋರಿಸುತ್ತಿದ್ದಾಗ ಭಾವ ಅದರ ಮೇಲೆ ಎರಡು ಸಲ ತಟ್ಟಿ, ಕಿವಿಯಿಟ್ಟು, ರೋಗ ಪತ್ತೆ ಹಚ್ಚಿದ ಡಾಕ್ಟರಂತೆ ನಕ್ಕರು.

“ಇಲ್ಲಿ ಒಂದು ಡಬ್ಬಿ ಉಂಟು.”

“ಇರ್ಲಿ,” ಎಂದಳು ದೊಡ್ಡಮ್ಮ.

“ಬೇಕಾದ್ರೆ ಪಂದ್ಯ ಕಟ್ಟುವ.”

ದೊಡ್ಡಪ್ಪ ಪಂದ್ಯ ಕಟ್ಟಿದರು. ಅದು ಅವರ ತಪ್ಪು. ಡಬ್ಬಿ ಇತ್ತು! ಇವತ್ತಿಗೂ ಆ ವಾಲ್‌ಪೇಪರಿನ ಹೂಗಳ ನಡುವೆ ಒಂದು ಚೌಕದ ತೂತಿದೆ. ಅದರ ಮುಂದೆ ದೊಡ್ಡಮ್ಮ ಸಂತ ಅಂತೋಣಿಯ ಪಟ ತೂಗುಹಾಕಿದ್ದಾಳೆ. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅವನು. ಈ ಒಂದು ಕೆಲಸದಲ್ಲಿ ಅವನಿಗಿಂತಲೂ ಭಾವನೇ ಮುಂದೆ.

ಇನ್ನೊಂದು ಅಭ್ಯಾಸ: ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುವುದಿಲ್ಲ. ಫ್ರಿಜ್ಜಿನ ಬಾಗಿಲು, ಕಬ್ಬಿಣದ ಗೇಟು, ನೆರೆಯವರ ಹೊಸ ಸ್ಕೂಟರು, ಎಲ್ಲಕ್ಕೂ ಮೊದಲು ಹಿಂಗೈ ತಾಗಿಸಿ ನೋಡುತ್ತಾರೆ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಬಂದು ಮಗುವಿನ ಕೆನ್ನೆಗೂ ಹಿಂಗೈಯನ್ನೇ ತಾಗಿಸಿದರು. ಎಲ್ಲರೂ ಅದನ್ನು ವಾತ್ಸಲ್ಯವೆಂದು ತಿಳಿದರು. ನನಗೆ ಗೊತ್ತಿತ್ತು, ಅದು ಟೆಸ್ಟಿಂಗ್!

ಇದು ಮೊದಲು ಬೆಳಕಿಗೆ ಬಂದದ್ದು ಅಕ್ಕನ ನಿಶ್ಚಿತಾರ್ಥದ ದಿನ. ಉಂಗುರ ತೊಡಿಸಲು ಅಕ್ಕ ಕೈ ನೀಡಿದಳು. ಭಾವ ತಮ್ಮ ಹಿಂಗೈಯನ್ನು ಅವಳ ಬೆರಳಿಗೆ ಒಮ್ಮೆ ತಾಗಿಸಿ, ಆಮೇಲೆ ಹಿಡಿದರು. ಅಮ್ಮನಿಗೆ ಗಾಬರಿ. “ಹುಡುಗನ ಕೈಗೆ ಎಂತ ಆಗಿದೆ? ಮೊದಲೇ ಹೇಳ್ಬೇಕಿತ್ತಲ್ಲ!” ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳ ಕಿವಿಮಾತು ಮೂರನೇ ಬೆಂಚಿನವರೆಗೆ ಕೇಳಿಸುತ್ತದೆ.

ಭಾವ ಗಂಭೀರವಾಗಿ ವಿವರಿಸಿದರು: “ಅಂಗೈಯಲ್ಲಿ ಮುಟ್ಟಿದ್ರೆ, ಒಳಗೆ ಕರೆಂಟ್ ಇದ್ರೆ ಬೆರಳು ಮಡಚಿಕೊಳ್ತದೆ. ಬಿಡ್ಲಿಕ್ಕೆ ಆಗುದಿಲ್ಲ. ಹಿಂಗೈ ಆದ್ರೆ ತಾನಾಗಿ ಹಿಂದೆ ಬರ್ತದೆ.”

“ಹಾಗಾದ್ರೆ ನನ್ನಲ್ಲಿ ಕರೆಂಟ್ ಉಂಟಾ ಇಲ್ವಾ?” ಎಂದು ಕೇಳಿದಳು ಅಕ್ಕ.

“ಉಂಟು.”

“ಮತ್ತೆ ಹಿಡಿದದ್ದು?”

“ಗೊತ್ತಿದ್ದೇ ಹಿಡಿದದ್ದು,” ಎಂದರು ಭಾವ. ಸಭೆಯಲ್ಲಿ ಚಪ್ಪಾಳೆ. ಅಮ್ಮ ಮಾತ್ರ ಮದುವೆಯವರೆಗೂ ಅವರ ಕೈಯನ್ನೇ ನೋಡುತ್ತಿದ್ದಳು.

ಇನ್ನು ನನ್ನ ಮದುವೆಯ ಸಂಗತಿ. ನಮ್ಮವರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಕ್ರಮ ಉಂಟು. ತೆಂಗಿನಹಾಲು ಹಚ್ಚಿ, ಹಾಡಿ, ಊಟ ಹಾಕುವುದು. ರಜೆಯಲ್ಲಿ ಬಂದಿದ್ದ ಭಾವನಿಗೆ ಊಟದ ಉಸ್ತುವಾರಿ ವಹಿಸಲಾಯಿತು. ಪ್ರಾಜೆಕ್ಟ್ ಮ್ಯಾನೇಜರಲ್ಲವೇ!

ವಿದ್ಯುತ್ತಿನ ಲೆಕ್ಕದಲ್ಲಿ ಒಂದು ಸೂತ್ರ ಇದೆಯಂತೆ. ಒಂದು ಕಟ್ಟಡದ ಎಲ್ಲ ಮನೆಗಳಲ್ಲೂ ಗೀಸರು, ಎಸಿ, ಇಸ್ತ್ರಿಪೆಟ್ಟಿಗೆ ಇದ್ದರೂ ಎಲ್ಲರೂ ಅವನ್ನು ಒಂದೇ ಹೊತ್ತಿಗೆ ಹಾಕುವುದಿಲ್ಲ. ಒಬ್ಬ ಸ್ನಾನ ಮಾಡುವಾಗ ಇನ್ನೊಬ್ಬ ಮಲಗಿರುತ್ತಾನೆ. ಆದ್ದರಿಂದ ಎಲ್ಲವನ್ನೂ ಕೂಡಿಸಿ ಟ್ರಾನ್ಸ್‌ಫಾರ್ಮರ್ ಇಡಬೇಕಾಗಿಲ್ಲ, ಒಂದಷ್ಟು ಕಡಿಮೆ ಮಾಡಿಯೇ ಇಡಬಹುದು. ಇದಕ್ಕೆ ಡೈವರ್ಸಿಟಿ ಎನ್ನುತ್ತಾರೆ. ಭಾವ ಇದನ್ನು ಹಂದಿಮಾಂಸ ಮತ್ತು ಸಾನ್ನಾ ಎಂಬ ನಮ್ಮ ಇಡ್ಲಿಗಳಿಗೆ ಅನ್ವಯಿಸಿದರು. ಮುದುಕರು ಕಡಿಮೆ ತಿನ್ನುತ್ತಾರೆ. ಮಕ್ಕಳು ಓಡಾಡುತ್ತಿರುತ್ತಾರೆ. ಹೆಂಗಸರು ಹಾಡುತ್ತಿರುತ್ತಾರೆ. ಗಂಡಸರು ಗ್ಲಾಸು ಹಿಡಿದು ಹಿತ್ತಿಲಲ್ಲಿರುತ್ತಾರೆ. ಒಟ್ಟಿನಲ್ಲಿ ಎಲ್ಲರೂ ಒಂದೇ ಸಲ ತಟ್ಟೆ ಹಿಡಿಯುವ ಪ್ರಶ್ನೆಯೇ ಇಲ್ಲ!

ಈ ಸೂತ್ರ ಬರೆದವನು ಮಂಗಳೂರಿನ ರೋಸ್ ನೋಡಿರಲಾರ. ಊಟ ತಯಾರು ಎಂದು ಮೈಕಿನಲ್ಲಿ ಹೇಳಿದ್ದೇ ತಡ, ಹಾಡು ಅರ್ಧಕ್ಕೆ ನಿಂತಿತು, ಹಿತ್ತಿಲು ಖಾಲಿಯಾಯಿತು, ನಡೆಯಲಾಗದು ಎಂದಿದ್ದ ಮುದುಕರು ಎಲ್ಲರಿಗಿಂತ ಮುಂದೆ ನಿಂತಿದ್ದರು. ತಲೆಯಿಂದ ತೆಂಗಿನಹಾಲು ತೊಟ್ಟಿಕ್ಕಿಸಿಕೊಂಡು ಮದುಮಗ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಪಾತ್ರೆಯ ತಳ ಹೊಳೆಯುತ್ತಿತ್ತು. ಅಂದು ನನ್ನ ಊಟ ಬೇಕರಿಯ ಬನ್ನು.

“ಇವರು ಅಳೆದದ್ದು ಟ್ರಾನ್ಸ್‌ಫಾರ್ಮರಿನ ಹೊಟ್ಟೆ, ನಮ್ಮದಲ್ಲ,” ಎಂದಳು ದೊಡ್ಡಮ್ಮ. ವಾಲ್‌ಪೇಪರಿನ ಸಿಟ್ಟು ಇನ್ನೂ ಇತ್ತು.

“ಡಿಸೈನ್ ಸರಿ ಉಂಟು. ಬಳಸುವವರು ಸರಿ ಇಲ್ಲ,” ಎಂದರು ಭಾವ.

ಅಕ್ಕ ನಗುತ್ತ ಅವರ ಬಾಯಿಗೆ ನನ್ನ ಬನ್ನಿನ ಅರ್ಧವನ್ನು ತುರುಕಿದ್ದು ನೆನಪಿದೆ. ಇಬ್ಬರೂ ಒಟ್ಟಿಗೆ ಊರಿಗೆ ಬಂದಿದ್ದ ಕೊನೆಯ ರಜೆ ಅದು.

ಈಗ ಅಕ್ಕ ವರ್ಷಕ್ಕೊಮ್ಮೆ, ಒಂದು ತಿಂಗಳ ರಜೆಗೆ, ಒಬ್ಬಳೇ ಬರುತ್ತಾಳೆ. ಆ ತಿಂಗಳು ಕಾಟು ಮಡಚಿ ಗೋಡೆಗೆ ಒರಗುತ್ತದೆ. ತೇಗದ ಮಂಚದ ಪಾಲಿಥೀನನ್ನು ಭಾವ ಹರಿಯದೆ, ಜೋಪಾನವಾಗಿ ಬಿಚ್ಚುತ್ತಾರೆ. ಅಕ್ಕ ಕೋಣೆಕೋಣೆಗೆ ಹೋಗುವಾಗ ಭಾವ ಎರಡು ಹೆಜ್ಜೆ ಹಿಂದೆ, ಕೈಕಟ್ಟಿಕೊಂಡು, ಧಣಿಯ ಹಿಂದೆ ಕಂಟ್ರಾಕ್ಟರ್ ನಡೆಯುವಂತೆ ನಡೆಯುತ್ತಾರೆ.

“ಇದೇ ಹ್ಯಾಂಡೋವರ್ ಅಂತ ಇಟ್ಟುಕೊಳ್ಳಿ ಭಾವ. ಕ್ಲೈಂಟ್ ಬಂದಾಯ್ತಲ್ಲ,” ಎಂದೆ ಒಮ್ಮೆ.

“ಇದು ಸೈಟ್ ವಿಸಿಟ್,” ಎಂದರು ಭಾವ. “ಹ್ಯಾಂಡೋವರ್ ಅಂದ್ರೆ ಕ್ಲೈಂಟ್ ವಾಪಸ್ ಹೋಗುದಿಲ್ಲ.”

ಅಕ್ಕ ಆಗ ಬಚ್ಚಲಿನ ಗೀಸರಿನ ಸ್ವಿಚ್ಚು ನೋಡುತ್ತಿದ್ದಳು. ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ, “ಇದು ಸ್ವಲ್ಪ ಮೇಲೆ ಬೇಕಿತ್ತು,” ಎಂದಳು.

ಭಾವನ ಮುಖ ಅರಳಿತು! ಸೈಟಿನಲ್ಲಿ ಧಣಿ ಹೊಸ ಬದಲಾವಣೆ ಹೇಳಿದರೆ ಹಲ್ಲು ಕಡಿಯುವ ಮನುಷ್ಯ ಇವರು. ಇಲ್ಲಿ ಟೇಪು ತಂದು, “ಎಷ್ಟು ಮೇಲೆ? ಇಲ್ಲಿಗಾ? ಇಲ್ಲಿಗಾ?” ಎಂದು ಕೇಳುತ್ತಿದ್ದರು. ಅಕ್ಕ ಮಸ್ಕತ್‌ಗೆ ಹೋದ ಮರುವಾರ ಬಚ್ಚಲಿನ ಗೋಡೆ ಒಡೆಯಿತು. ಮಂಚಕ್ಕೆ ಪಾಲಿಥೀನ್ ಮತ್ತೆ ಬಂತು.

ಆಮೇಲೆ ಇದೇ ರೂಢಿಯಾಯಿತು. ಮಂಚದ ಬಳಿ ಟು-ವೇ ಸ್ವಿಚ್ಚು. ಜಗಲಿಗೆ ಇನ್ನೊಂದು ದೀಪ. ಅಡುಗೆಕೋಣೆಯ ಪಾಯಿಂಟು ಮೊದಲು ಮೇಲೆ, ಆಮೇಲೆ ಬಲಕ್ಕೆ. ಒಂದು ಮುಗಿದರೆ ಅಕ್ಕನ ಫೋನಿನಲ್ಲಿ ಇನ್ನೊಂದು. ನೆರೆಯವರಿಗೆ ಗೋಡೆ ಒಡೆಯುವ ಸದ್ದು ಇಗರ್ಜಿಯ ಗಂಟೆಯಷ್ಟೇ ರೂಢಿಯಾಗಿದೆ.

ಒಂದು ಭಾನುವಾರ ಸಂಜೆ ಭಾವ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಕೊಟ್ಟಾರಕ್ಕೆ ಹೋದರು. ಯಾಕೆ ಎಂದು ಹೇಳಲಿಲ್ಲ. ಹೆದ್ದಾರಿಯ ಬದಿಯಲ್ಲಿ, ಹಮೀದಾಕನ ಚಹಾದಂಗಡಿಯ ಮುಂದೆ ನಿಲ್ಲಿಸಿದರು. ಎದುರಿಗೆ ಒಂದು ಎತ್ತರದ ವಸತಿ ಕಟ್ಟಡ. ಊರಿಗೆ ಬಂದ ಮೇಲೆ ಭಾವ ಕರೆಂಟು ಕೊಡಿಸಿದ ಮೊದಲ ಕಟ್ಟಡ ಅದು. ಕತ್ತಲು ಇಳಿಯುತ್ತಿತ್ತು. ಅಷ್ಟು ಕಿಟಕಿಗಳಲ್ಲಿ ಬೆಳಕಿದ್ದದ್ದು ಅಲ್ಲೊಂದು ಇಲ್ಲೊಂದು.

“ಲೋಡೇ ಇಲ್ಲ ಮಾರಾಯ,” ಎಂದರು ಭಾವ. ರೋಸ್‌ನ ದಿನ ಪಾತ್ರೆಯ ತಳ ನೋಡಿದಾಗಲೂ ಅವರ ಮುಖ ಹಾಗಾಗಿರಲಿಲ್ಲ.

“ಎಲ್ಲ ಗಲ್ಫಿನವರದ್ದಲ್ವಾ,” ಎಂದರು ಹಮೀದಾಕ ಗ್ಲಾಸು ಇಡುತ್ತ. ಉಳ್ಳಾಲದ ಬ್ಯಾರಿಗಳು, ಅವರ ತಮ್ಮನಿಗೂ ಆ ಕಟ್ಟಡದಲ್ಲೊಂದು ಮನೆ, ತಮ್ಮ ದುಬೈಯಲ್ಲಿ. “ತೆಗೊಂಡದ್ದು, ಬೀಗ ಹಾಕಿದ್ದು, ಹೋದದ್ದು. ಎಂಜಿನಿಯರ್ರೆ, ನೀವು ಇಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಇಟ್ಟದ್ದು ಯಾರಿಗೆ?”

“ಬರುವವರಿಗೆ.”

“ಬರ್ತಾರೆ, ಬರ್ತಾರೆ. ಪೆರ್ನಾಳ್ ಹಬ್ಬಕ್ಕೆ ಬರ್ತಾರೆ, ಹೋಗ್ತಾರೆ.” ಹಮೀದಾಕ ಅಂಗಡಿಯ ಮೊಳೆಯಿಂದ ಒಂದು ಕೀಲಿಕೈ ತೆಗೆದರು. “ಸ್ವಲ್ಪ ನೋಡಿಕೊಳ್ಳಿ, ಬಂದೆ. ಮಸೀದಿಯಲ್ಲಿ ಬಾಂಗ್ ಆಗುವ ಹೊತ್ತಿಗೆ ತಮ್ಮನ ಮನೆಗೆ ಹೋಗಿ ಲೈಟ್ ಹಾಕಿ ಬರ್ತೇನೆ. ಮನೆ ಕತ್ತಲೆಯಲ್ಲಿ ಇರ್ಬಾರ್ದು.”

ಹಾಗೆ ಎಲೆಕ್ಟ್ರಿಕಲ್ ಪ್ರಾಜೆಕ್ಟ್ ಮ್ಯಾನೇಜರರೂ ಪತ್ರಿಕೆಯವನೂ ಸೇರಿ ಚಹಾದಂಗಡಿ ನಡೆಸಿದೆವು. ಭಾವ ಒಬ್ಬ ಲಾರಿ ಡ್ರೈವರನಿಗೆ ಬನ್ನು ಕೊಟ್ಟು ಚಿಲ್ಲರೆ ಮರೆತರು. ಅವರ ಕಣ್ಣು ಮೇಲಿತ್ತು. ನಡುವಿನ ಒಂದು ಅಂತಸ್ತಿನಲ್ಲಿ ಕಿಟಕಿಯೊಂದು ಬೆಳಗಿತು. “ಹಾಂ,” ಎಂದರು ಭಾವ. ಅಷ್ಟೇ. ಪ್ರತಿ ಭಾನುವಾರವೂ ಅವರು ಅಲ್ಲಿಗೆ ಹೋಗುತ್ತಾರೆಂದು ಮೆಟ್ಟಿಲಿಳಿದು ಬಂದ ಹಮೀದಾಕನಿಂದ ಆಮೇಲೆ ತಿಳಿಯಿತು.

ಫೆಬ್ರವರಿಯ ಆ ಶನಿವಾರ, ಅಡುಗೆಕೋಣೆ ಮೂರನೇ ಸಲ ಒಡೆದ ಸುದ್ದಿಯನ್ನು ಅಮ್ಮ ನನಗೆ ಆಫೀಸಿಗೆ ಫೋನ್ ಮಾಡಿ ತಿಳಿಸಿದಳು. ಇದಕ್ಕೊಂದು ಕೊನೆ ಬೇಡವೇ? ನಾನು ಮಸ್ಕತ್‌ಗೆ ಫೋನ್ ಮಾಡಿದೆ.

“ಅಕ್ಕ, ಎಡಗಡೆ ಇದ್ದದ್ದನ್ನು ಬಲಗಡೆಗೆ ಮಾಡಿಸಿದ್ದು ನೀನು. ಈಗ ಪುನಃ ಎಡಗಡೆಗೆ ಎಂತಕ್ಕೆ?”

“ಮಿಕ್ಸಿ ಎಡಗಡೆ ಇದ್ರೆ ಒಳ್ಳೇದು.”

“ಮಿಕ್ಸಿ ಪೆಟ್ಟಿಗೆಯಲ್ಲಿ ಉಂಟು.”

“ಹಾಗಾದ್ರೆ ಪೆಟ್ಟಿಗೆ ಎಡಗಡೆ ಇಡ್ಲಿ.”

ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು. ಹಿಂದೆ ವಾರ್ಡಿನ ಸದ್ದು, ಟ್ರಾಲಿಯ ಗಾಲಿಗಳ ಕಿರಕಿರ.

“ಈ ಸಲವೂ ಆಸ್ಪತ್ರೆಯವರು ನನಗೆ ರಿಲೀಸ್ ಕೊಡ್ಲಿಲ್ಲ,” ಎಂದಳು. “ನನ್ನ ಜಾಗಕ್ಕೆ ಜನ ಸಿಗ್ಲಿಲ್ಲ, ಇನ್ನೊಂದು ವರ್ಷ ಇರಿ ಅಂದ್ರು. ಅದನ್ನು ಹೇಳ್ಲಿಕ್ಕೇ ನಾನು ನಿನ್ನ ಭಾವನಿಗೆ ಫೋನ್ ಮಾಡಿದ್ದು. ಅವರು ಎತ್ತಿದ ಕೂಡ್ಲೆ, ‘ಅಡುಗೆಕೋಣೆಯ ಪೈಂಟಿಂಗ್ ಮುಗೀತು, ಇನ್ನು ಎಂತದೂ ಬಾಕಿ ಇಲ್ಲ’ ಅಂದ್ರು. ಎಷ್ಟು ಖುಷಿಯಲ್ಲಿ ಹೇಳಿದ್ರು ಗೊತ್ತುಂಟಾ? ನನ್ನ ಬಾಯಿಗೆ ಮಿಕ್ಸಿ ಬಂತು.”



“ಗೀಸರೂ ಹಾಗೆಯೇ,” ಎಂದಳು ಅಕ್ಕ. “ಮನೆ ಬಾಕಿ ಉಂಟು ಅಂದ್ರೆ ಅವರಿಗೆ ಬೇಜಾರಿಲ್ಲ. ಅವರಿಗೆ ಹೇಳ್ಬೇಡ ಆಯ್ತಾ?”

ಸಂಜೆ ಪಡೀಲಿಗೆ ಹೋದೆ. ಭಾವ ಒಡೆದ ಗೋಡೆಯ ಮುಂದೆ ಸ್ಟೂಲು ಹಾಕಿ ಕುಳಿತು ಪೈಪು ಕೂರಿಸುತ್ತಿದ್ದರು. ತಲೆಯ ಮೇಲೆಲ್ಲ ಸಿಮೆಂಟಿನ ಹುಡಿ. ನಾನು ಹೇಳುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದೆ. ಆದ್ದರಿಂದ ತಮಾಷೆಗೆ ಮಾತ್ರ ಕೇಳಿದೆ:

“ಭಾವ, ಅಕ್ಕ ಮಿಕ್ಸಿ ತಿರುಗಿಸುದು ಎಡಗೈಯಲ್ಲಾ?”

“ಅವಳು ಈ ಅಡುಗೆಕೋಣೆಯಲ್ಲಿ ನಿಂತದ್ದೇ ಎಷ್ಟು ಮಾರಾಯ?” ಎಂದರು, ಪೈಪಿನಿಂದ ಕಣ್ಣು ತೆಗೆಯದೆ. “ಎಡ ಬೇಕಾ ಬಲ ಬೇಕಾ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು?”

“ಮತ್ತೆ ನೀವು ಒಡೆದದ್ದು ಎಂತಕ್ಕೆ?”

ಭಾವ ಪೈಪನ್ನು ಗೋಡೆಯ ಸೀಳಿನೊಳಗೆ ಒತ್ತಿದರು. ಹೊರಗೆ ಬಂತು. ಪುನಃ ಒತ್ತಿದರು.

“ಮನೆ ಆಯ್ತು ಅಂತ ನಾನು ಹೇಳಿದ್ರೆ,” ಎಂದರು, “ಯಾವಾಗ ಬರ್ತಿ ಅಂತ ಕೇಳಿದ ಹಾಗೆ ಆಗ್ತದಲ್ಲ. ಅವಳು ಉತ್ತರ ಎಲ್ಲಿಂದ ಕೊಡುದು? ಮನೆಯೇ ತಡ ಅಂತ ಇರ್ಲಿ. ಸಿಮೆಂಟ್ ಸ್ವಲ್ಪ ಈಚೆ ಕೊಡು.”

ನಾನು ಸಿಮೆಂಟಿನ ಬಾಣಲೆ ಹತ್ತಿರ ಸರಿಸಿದೆ. ಅಕ್ಕ ಹೇಳಿದ್ದನ್ನು ಭಾವನಿಗೆ ಹೇಳಲಿಲ್ಲ. ಭಾವ ಹೇಳಿದ್ದನ್ನು ಅಕ್ಕನಿಗೂ ಹೇಳಿಲ್ಲ. ಅದುವರೆಗೆ ಕರಣೆ ಹಿಡಿಯದ ನಾನು ಆ ದಿನ ಗೋಡೆಯ ಒಂದು ಗೇಣಿನಷ್ಟು ಸಾರಣೆ ಮಾಡಿದೆ. ನಾನು ಮಾಡಿದ ಭಾಗವನ್ನು ಭಾವ ಕೆತ್ತಿ ತೆಗೆದು ಪುನಃ ಮಾಡಿದರು.

ಕಳೆದ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅಮ್ಮನೂ ನಾನೂ ಪಡೀಲಿಗೆ ಹೋಗಿದ್ದಾಗ ಅಕ್ಕನ ವಿಡಿಯೋ ಕರೆ ಬಂತು. ಭಾವ ಫೋನು ಹಿಡಿದು ಎಂದಿನಂತೆ ಮನೆ ತೋರಿಸಲು ಹೊರಟರು. ಜಗಲಿ, ಹಾಲು, ಬಚ್ಚಲು, ಕೊನೆಗೆ ಅಡುಗೆಕೋಣೆ. ಎಡಗಡೆಯ ಪಾಯಿಂಟಿನ ಮುಂದೆ ಫೋನನ್ನು ತುಸು ಹೆಚ್ಚು ಹೊತ್ತು ಹಿಡಿದರು.

“ಸರಿ ಉಂಟು,” ಎಂದಳು ಅಕ್ಕ.

“ಸ್ವಲ್ಪ ಕೆಳಗೆ ಬೇಕಾ?”

“ಬೇಡ. ಸರಿ ಉಂಟು.”

“ಎಕ್ಸಾಸ್ಟ್ ಫ್ಯಾನ್? ಅದು ಸ್ವಲ್ಪ ಸದ್ದು ಮಾಡ್ತದೆ.”

“ಮಾಡ್ಲಿ.”

“ಸರಿಯಾಗಿ ನೋಡು. ನಿನಗೆ ಅಲ್ಲಿಂದ ಕಾಣುದಿಲ್ಲ. ಫ್ರಿಜ್ಜಿನ ಹಿಂದಿನ ಪಾಯಿಂಟ್ ನೋಡಿದ್ಯಾ?”

“ನೋಡಿದೆ. ಎಲ್ಲ ಸರಿ ಉಂಟು. ಎಂತದೂ ಬದಲಿಸುದು ಬೇಡ,” ಎಂದಳು ಅಕ್ಕ. “ನಾನು ರಾಜೀನಾಮೆ ಕೊಟ್ಟೆ. ಈ ಸಲ ತೆಗೊಂಡ್ರು.”

ಭಾವನ ಕೈ ಕೆಳಗಿಳಿದು ಫೋನು ಅಂಗಾತವಾಗಿತ್ತು. ಅಕ್ಕನಿಗೆ ಆಗ ಕಾಣುತ್ತಿದ್ದದ್ದು ಅಡುಗೆಕೋಣೆಯ ಸೀಲಿಂಗ್ ಮಾತ್ರ.

“ಸೀಲಿಂಗ್ ಕೂಡ ಚಂದ ಉಂಟು,” ಎಂಬ ಅವಳ ದನಿ ಕೇಳಿಸಿತು.

ಅಮ್ಮ ಫೋನು ತೆಗೆದುಕೊಂಡು ಹಾಲಿಗೆ ಬಂದಳು. ಭಾವ ಅಲ್ಲಿಯೇ ನಿಂತಿದ್ದರು.

ಅಕ್ಕನ ಆಸ್ಪತ್ರೆಯವರು ಅವಳ ಜಾಗಕ್ಕೆ ಕೇರಳದ ಒಬ್ಬ ನರ್ಸನ್ನು ಆರಿಸಿದ್ದಾರೆ. ಆಕೆ ಬಂದು ಸೇರಿದ ದಿನ ಅಕ್ಕನಿಗೆ ಬಿಡುಗಡೆ. ಆಕೆಯ ವೀಸಾ ನಿನ್ನೆ ಸಂಜೆಯವರೆಗೆ ಬಂದಿರಲಿಲ್ಲ.